ಒಂದೂವರೆ ಶಿಫ್ಟಿನ ಲೆಕ್ಕ

'ನಾನೂ ಮಿಷನ್ ಮೇಲೆ ಕೂತು ಬೆಳೆದವನೇ ಸಾರ್, ಇವರಿಗೇನು ಕಷ್ಟ?' ಕಾಂಗೇಯಂ ಸೀಮೆಯ ಬನಿಯನ್ ಕಂಪನಿ ಮಾಲೀಕರೊಬ್ಬರು ಈ ವಾರ ನನ್ನೆದುರು ಆಡಿದ ಮಾತಿದು. ಎದೆ ತಟ್ಟಿಕೊಂಡೇ ಹೇಳಿದರು. ಕೆಲಸದ ಗಂಟೆಗಳ ಮಾತೆದ್ದಾಗಲೆಲ್ಲ ಇಂಥದೊಂದು ಕೇಳಿಸುತ್ತದೆ. ನಾರಾಯಣಮೂರ್ತಿಯವರು ವಾರಕ್ಕೆ 70 ಗಂಟೆ ಎಂದರು, ಎಲ್ ಅಂಡ್ ಟಿ ಅಧ್ಯಕ್ಷರು 90 ಎಂದರು. ಎಷ್ಟು ದುಡಿದರೆ ಅಷ್ಟು ಏಳಿಗೆ ಎಂಬ ನಂಬಿಕೆ ಮಾತ್ರ ಇಬ್ಬರಲ್ಲೂ ಒಂದೇ. ಅದನ್ನು ಯಾರೂ ಪ್ರಶ್ನಿಸುವುದಿಲ್ಲ ಎಂಬುದೇ ನನ್ನ ಸಿಟ್ಟು.

ತಮಿಳುನಾಡಿನ ಬನಿಯನ್ ಊರು ತಿರುಪ್ಪೂರಿನ ಮಾಲೀಕರಲ್ಲಿ ಹಲವರು ನಿಜಕ್ಕೂ ದುಡಿದೇ ಮೇಲೆ ಬಂದವರು. ಕೊಂಗು ನಾಡಿನ ಒಣಭೂಮಿ ಬಿಟ್ಟು ಬಂದ ಗೌಂಡರ್ ರೈತರ ಮಕ್ಕಳು ಕೂಲಿಯಾಗಿ ಸೇರಿ ಕಂಪನಿ ಕಟ್ಟಿದರು. ಆ ಕಥೆಯ ಬೆನ್ನು ಹತ್ತಿದ ಸಂಶೋಧಕ ಶರದ್ ಚಾರಿ 2004ರಲ್ಲಿ 'ಫ್ರಟರ್ನಲ್ ಕ್ಯಾಪಿಟಲ್' ಪುಸ್ತಕ ತಂದರು. ಹೇಗೆ ಬೆಳೆದಿರಿ ಎಂದು ಕೇಳಿದರೆ ಮಾಲೀಕರು ಕೊಟ್ಟ ಉತ್ತರ: ದುಡಿಮೆ. ಆದರೆ ಅದರ ಹಿಂದೆ ಸ್ವಜಾತಿಯವರ ಸಾಲವಿತ್ತು, ನೆಂಟರು ಕೊಟ್ಟ ಜಾಬ್ ವರ್ಕ್ ಇತ್ತು. ಇವು ಯಾವುವೂ ಇಲ್ಲದ ಹೆಣ್ಣಾಳು ಎಷ್ಟು ದುಡಿದರೆ ಕಂಪನಿ ಕಟ್ಟಿಯಾಳು?

ತಿರುಪ್ಪೂರಿನ ಕೂಲಿ ಲೆಕ್ಕವನ್ನೇ ನೋಡಿ. ಬೆಳಿಗ್ಗೆ ಎಂಟೂವರೆಗೆ ಹೋಗಿ ರಾತ್ರಿ ಎಂಟೂವರೆಗೆ ಬಂದರೆ ಒಂದೂವರೆ ಶಿಫ್ಟ್. ಹನೂರು ಕಡೆಯಿಂದ ಹೋಗಿ ಚೆಕಿಂಗ್‌ನಲ್ಲಿ ದುಡಿಯುವ ಹೆಣ್ಣುಮಗಳೊಬ್ಬಳು ನನಗೆ ಹೇಳಿದ್ದಳು: 'ಒಂದೂವರೆ ಮಾಡುದ್ರೇನೇ ಬಾಡ್ಗೆ ಹೊಂದೋದು ಕಣಣ್ಣ. ಐದೂವರೆಗೇ ಎದ್ದೋದ್ರೆ ನಾಳಿಂದ ಬರ್ಬೇಡ ಅಂತಾರೆ.' ವಾರಕ್ಕೆ 48 ಗಂಟೆ ಮೀರಿದ ದುಡಿಮೆಗೆ ಇಮ್ಮಡಿ ಕೂಲಿ ಕೊಡಬೇಕೆಂದು 1948ರ ಕಾರ್ಖಾನೆ ಕಾಯ್ದೆ ಹೇಳಿತ್ತು. ಹೊಸ ಕಾರ್ಮಿಕ ಸಂಹಿತೆಯೂ ಇಮ್ಮಡಿಯನ್ನು ಕೈಬಿಟ್ಟಿಲ್ಲ. ಹೆಚ್ಚಿನ ಆ ಅರ್ಧಕ್ಕೆ ಅವಳಿಗೆ ಇಡೀ ಶಿಫ್ಟಿನ ಕೂಲಿ ಬರಬೇಕು. ಬರುವುದು ಅರ್ಧ. ಕೇಳಬಹುದು ಎಂದು ಅವಳಿಗೆ ಹೊಳೆದೂ ಇರಲಿಲ್ಲ, ಎಲ್ಲರೂ ಹಾಗೇ ದುಡಿಯುತ್ತಾರಲ್ಲ!

ನೂಲಿನ ಗಿರಣಿಗಳ ಸುಮಂಗಲಿ ಯೋಜನೆ ಇದಕ್ಕಿಂತ ಕ್ರೂರ. ಮದುವೆಯಾಗದ ಹುಡುಗಿಯರನ್ನು ಮೂರು ವರ್ಷ ಹಾಸ್ಟೆಲಿನಲ್ಲಿಟ್ಟು ದುಡಿಸಿ, ಕೂಲಿಯ ಒಂದು ಪಾಲನ್ನು ಮದುವೆಯ ಖರ್ಚಿಗೆಂದು ಕೊನೆಗೆ ಇಡಿಗಂಟಾಗಿ ಕೊಡುವ ಏರ್ಪಾಡು. ನಡುವೆ ಕಾಯಿಲೆ ಬಿದ್ದು ಊರಿಗೆ ಹೋದವರು ಆ ಗಂಟನ್ನೇ ಕಳೆದುಕೊಂಡದ್ದುಂಟು. ಹೆಣ್ಣಿನ ದುಡಿಮೆ ಅವಳ ಮದುವೆಗೆ ಎಂದು ಅಪ್ಪ ನಂಬಿದ್ದ, ಗಿರಣಿಯವನಿಗೆ ಅದೇ ಅನುಕೂಲವಾಯಿತು. ಮನೆಯ ನಂಬಿಕೆ ಹೀಗೆ ಕಾರ್ಖಾನೆಯ ನಿಯಮವಾಗುತ್ತದೆ. ನಮ್ಮ ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲಿ ಟಾರ್ಗೆಟ್ ಮುಟ್ಟದವಳನ್ನು ಸೂಪರ್‌ವೈಸರ್ ಏಕವಚನದಲ್ಲಿ ಬೈದರೂ ಯಾರೂ ಬೆಚ್ಚದಿರುವುದು ಇದೇ ಕಾರಣಕ್ಕೆ. ಮನೆಯಲ್ಲೂ ಅವಳು ಕೇಳಿದ್ದು ಅದನ್ನೇ.

ನಂಬಿಕೆಯನ್ನು ಕೆದಕಿದರೆ ಅದು ಅಲುಗುತ್ತದೆ, ಅದಕ್ಕೂ ಸಾಕ್ಷಿಯಿದೆ. 1984ರಲ್ಲಿ ತುಟ್ಟಿಭತ್ಯೆಗಾಗಿ ಇದೇ ತಿರುಪ್ಪೂರು ತಿಂಗಳುಗಟ್ಟಲೆ ಮುಷ್ಕರ ಹೂಡಿತ್ತು. ದುಡಿಮೆಗೆ ತಲೆಬಾಗಿದ ಊರು ಎಂದು ಹೊಗಳುವವರು ಆ ವರ್ಷವನ್ನು ಎತ್ತುವುದೇ ಇಲ್ಲ. 2023ರ ಏಪ್ರಿಲ್‌ನಲ್ಲಿ ತಮಿಳುನಾಡು ವಿಧಾನಸಭೆ 12 ಗಂಟೆ ದುಡಿಸಲು ದಾರಿ ಮಾಡುವ ಮಸೂದೆ ಪಾಸು ಮಾಡಿತು. ಸಂಘಟನೆಗಳು ತಿರುಗಿಬಿದ್ದವು, ಮೇ ದಿನದಂದೇ ಆಗ ಮುಖ್ಯಮಂತ್ರಿಯಾಗಿದ್ದ ಸ್ಟಾಲಿನ್ ಅದನ್ನು ವಾಪಸು ಪಡೆದರು. ಕಾಗದದಲ್ಲಿ ಬಿದ್ದುಹೋದ 12 ಗಂಟೆ ತಿರುಪ್ಪೂರಿನಲ್ಲಿ ದಿನವೂ ನಡೆಯುತ್ತಿದೆ.

ನಾನೂ ದುಡಿದೇ ಬೆಳೆದೆ ಎನ್ನುವ ಮಾಲೀಕರಿಗೆ ದುಡಿಮೆಯ ಮೇಲೆ ಅಷ್ಟು ಗೌರವವಿದ್ದರೆ, ಹನೂರಿನ ಆ ಹೆಣ್ಣುಮಗಳಿಗೆ ಬಾಕಿಯಿರುವ ಅರ್ಧ ಶಿಫ್ಟಿನ ದುಡ್ಡನ್ನು ಮೊದಲು ಎಣಿಸಿ ಕೊಡಲಿ.