ಕರೆಂಟ್ ಉಳಿಸಿ ಅಂತ ಯಾರಿಗೆ ಹೇಳ್ತಿದ್ದೀರಿ?

ನಮ್ಮ ಸೊಸೈಟಿಯ ಲಿಫ್ಟಿನಲ್ಲಿ ಕಳೆದ ವಾರ ಒಂದು ನೋಟೀಸು ಅಂಟಿಸಿದ್ದಾರೆ. ವಿದ್ಯುತ್ ಉಳಿಸಿ, ಬೇಡದ ದೀಪ ಆರಿಸಿ, ನಿಮ್ಮ ಮನೆಗೆಲಸದವರಿಗೂ ತಿಳಿಸಿ ಹೇಳಿ ಅಂತ. ಕೊನೆಯ ಸಾಲು ಓದಿ ನಗು ಬಂತು. ಆಮೇಲೆ ನಾಚಿಕೆಯೂ ಆಯ್ತು.

ನಾನು ಮುಂಬಯಿಗೆ ಬಂದು ಮೂವತ್ತೆರಡು ವರ್ಷ. ನಮ್ಮ ಮನೆಗೆಲಸಕ್ಕೆ ಬರುವಾಕೆ ಕಲಬುರಗಿ ಕಡೆಯವಳು, ಗೋವಂಡಿಯಲ್ಲಿ ಬಾಡಿಗೆ ಖೋಲಿ. ಮಗಳು ಹತ್ತನೇ ಕ್ಲಾಸು ಪಾಸಾದಾಗ ಕರೆದಿದ್ದಳು, ನಾನೂ ನನ್ನ ಹೆಂಡತಿಯೂ ಹೋಗಿದ್ದೆವು. ಒಂದು ಟ್ಯೂಬ್‌ಲೈಟು, ಒಂದು ಫ್ಯಾನು, ಟಿವಿ, ಹಳೇ ಫ್ರಿಜ್ಜು. ಅಷ್ಟೇ. ಬೇಳೆ ಮೊದಲೇ ನೆನೆಹಾಕುತ್ತಾಳೆ. ಅನ್ನ, ಬೇಳೆ ಎರಡೂ ಒಂದೇ ಕುಕ್ಕರಿನಲ್ಲಿ. ಸ್ನಾನದ ನೀರು ಕಾಯುವುದು ಬಿಸಿಲಿಗಿಟ್ಟ ಡ್ರಮ್ಮಿನಲ್ಲಿ. ಮಗಳ ಯೂನಿಫಾರಂ ಮಡಚಿ ಹಾಸಿಗೆಯ ಕೆಳಗಿಟ್ಟರೆ ಅದೇ ಇಸ್ತ್ರಿ. ಇವರಿಗೆ ನಾವು ಪಾಠ ಹೇಳಬೇಕಂತೆ!

"ಹಂಗಾದ್ರೆ ಬಿಲ್ಲು ಬಹಳ ಕಡಿಮೆ ಬರಬೇಕಲ್ಲ?" ಅಂದೆ.

"ಬಿಲ್ಲ ನಮ್ಮ ಕೈಗೆ ಎಲ್ಲಿ ಬರ್ತದರಿ ಅಣ್ಣಾರ? ಮಾಲಕ ಸಬ್ ಮೀಟರ್ ನೋಡಿ ಯೂನಿಟ್ಟಿಗೆ ಇಷ್ಟು ಅಂತಾನ, ನಾವು ಕೊಡ್ತೀವಿ."

ಇಲ್ಲೇ ಇರುವುದು ನೋಡಿ ಗುಟ್ಟು. ಮಹಾರಾಷ್ಟ್ರದಲ್ಲಿ ಮನೆ ಕರೆಂಟಿಗೆ ಸ್ಲ್ಯಾಬು ಇದೆ. ಮೊದಲ 100 ಯೂನಿಟ್ಟಿಗೆ ಕಡಿಮೆ ದರ, 101ರಿಂದ 300ರವರೆಗೆ ಜಾಸ್ತಿ, 300 ದಾಟಿದರೆ ಇನ್ನೂ ಜಾಸ್ತಿ. ಒಂದು ಖೋಲಿಗೆ ತಿಂಗಳಿಗೆ 80 ಯೂನಿಟ್ ಅಂತಿಟ್ಟುಕೊಳ್ಳಿ. ಸ್ವಂತ ಮೀಟರ್ ಇದ್ದರೆ ಅಷ್ಟೂ ಅಗ್ಗದ ದರದಲ್ಲೇ ಮುಗಿಯುತ್ತದೆ. ಆದರೆ ಮಾಲಕನ ಒಂದೇ ಮೀಟರಿನ ಮೇಲೆ ಅಂಥ ನಾಲ್ಕು ಖೋಲಿ ಇದ್ದರೆ ಒಟ್ಟು 320 ಯೂನಿಟ್. ಮೂರನೇ ಸ್ಲ್ಯಾಬಿಗೇ ಹೋಯ್ತು! ನಾಲ್ಕು ಬಡ ಸಂಸಾರ ಸೇರಿ ಕಾಗದದ ಮೇಲೆ ಒಬ್ಬ ಶ್ರೀಮಂತ ಆದಂಗೆ. ಮೇಲೆ ಮಾಲಕ ತನ್ನ ಲಾಭವನ್ನೂ ಸೇರಿಸಿದರೆ ಕೇಳುವವರು ಯಾರು?

ಇನ್ನು ಫ್ಯಾನು. ಮೇಲೆ ತಗಡು, ಕಿಟಕಿ ಇಲ್ಲ, ಆರಿಸಿ ಕೂರೋಕಾಗಲ್ಲ. 75 ವ್ಯಾಟಿನ ಹಳೇ ಫ್ಯಾನು ದಿನಕ್ಕೆ 20 ಗಂಟೆ ತಿರುಗಿದರೆ ತಿಂಗಳಿಗೆ 45 ಯೂನಿಟ್. ಈಗಿನ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನಿಗೆ 18 ಸಾಕು. ದೀಪ ಆರಿಸಿ ಆರಿಸಿ ಇಷ್ಟು ಉಳಿಸೋಕೆ ಸಾಧ್ಯವೇ ಇಲ್ಲ. ಆದರೆ ಅದರ ಬೆಲೆ ಜಾಸ್ತಿ, ಒಮ್ಮೆಗೇ ಕೊಡಬೇಕು. 2015ರಲ್ಲಿ ಸರಕಾರದ ಉಜಾಲಾ ಯೋಜನೆ ಶುರುವಾದಾಗ ಬಿಲ್ಲು ತೋರಿಸಿ ಅಗ್ಗದ ಎಲ್‌ಇಡಿ ಬಲ್ಬು ತಂದವರಲ್ಲಿ ನಾನೂ ಒಬ್ಬ. ಬಿಲ್ಲೇ ಇಲ್ಲದವರು ಏನು ತೋರಿಸಬೇಕಿತ್ತು?

ಅದಕ್ಕೇ ನನ್ನ ಅಭಿಪ್ರಾಯ ಇಷ್ಟು. ಬಡವರಿಗೆ ಬೇಕಾದ್ದು ಉಪದೇಶ ಅಲ್ಲ. ಬಾಡಿಗೆದಾರರ ಹೆಸರಿಗೆ ಮೀಟರು ಸುಲಭವಾಗಿ ಸಿಗಲಿ, ಒಳ್ಳೆ ಫ್ಯಾನು ತಿಂಗಳ ಕಂತಿನಲ್ಲಿ ಸಿಗಲಿ. ಉಳಿಸಿದ್ದು ಅವರ ಕೈಗೇ ಬರಲಿ. ಉಳಿಸೋದು ಹೇಗೆ ಅಂತ ಅವರಿಗೆ ಚೆನ್ನಾಗಿಯೇ ಗೊತ್ತು.

ಆ ನೋಟೀಸಿನ ಕೊನೇ ಸಾಲು ತೆಗೆಸಿ ಅಂತ ಸೆಕ್ರೆಟರಿಗೆ ಹೇಳಿದ್ದೇನೆ. ಇದನ್ನು ಬರೆಯುವಾಗ ನನ್ನ ತಲೆಯ ಮೇಲೆ ಏಸಿ ಓಡ್ತಾ ಇತ್ತು ಅನ್ನೋದನ್ನೂ ಹೇಳಿಬಿಡ್ತೇನೆ. ಈಗ ಆರಿಸಿದೆ.

ನಿಮ್ಮ ಕಡೆ ಹೇಗೆ?