ಆಸ್ಪತ್ರೆ ಮಾರಿದ ಹಣ ಯಾರ ಗಂಟು?

ಆಂಧ್ರ ಸರ್ಕಾರವು 2025ರಲ್ಲಿ ಹತ್ತು ಹೊಸ ಸರ್ಕಾರಿ ವೈದ್ಯಕೀಯ ಕಾಲೇಜುಗಳನ್ನು ಖಾಸಗಿ ಸಹಭಾಗಿತ್ವಕ್ಕೆ ಒಪ್ಪಿಸಲು ನಿರ್ಧರಿಸಿತು. ಮಡಕಶಿರದ ನೆರೆಯ ಪೆನುಕೊಂಡವೂ, 1953ರವರೆಗೆ ನಮ್ಮ ರಾಯದುರ್ಗದಂತೆಯೇ ಬಳ್ಳಾರಿ ಜಿಲ್ಲೆಯಲ್ಲಿದ್ದ ಆದವಾನಿಯೂ ಆ ಪಟ್ಟಿಯಲ್ಲಿವೆ. ಇದು ಮಾರಾಟವಲ್ಲ, ಒಡೆತನ ಸರ್ಕಾರದಲ್ಲಿಯೇ ಉಳಿಯುವುದೆಂದು ಆಳುವವರು ಸಮಾಧಾನ ಹೇಳುತ್ತಾರೆ. ಹಾಗೆಯೇ ಇರಲಿ. ಆದರೆ ಪರವಿರೋಧಗಳ ಗದ್ದಲದಲ್ಲಿ ಒಂದು ಪ್ರಶ್ನೆ ಅಡಗಿಹೋಗಿದೆ: ಮಾರಿಯೋ ಗುತ್ತಿಗೆಗೆ ಕೊಟ್ಟೋ ಸಾರ್ವಜನಿಕ ಆಸ್ಪತ್ರೆಯೊಂದನ್ನು ಕೈಬಿಟ್ಟರೆ, ಅದರಿಂದ ಬಂದ ಹಣದ ಗತಿಯೇನು?

ಆಸ್ಪತ್ರೆಯನ್ನು ಮಾರಬಾರದೆಂಬುದೇ ನಮ್ಮ ಮತ. ಮಾರಿದ ಪಕ್ಷದಲ್ಲಿಯೂ ಆ ಹಣವು ವರಮಾನವಲ್ಲ, ಮೂಲಧನ. ಬಿತ್ತನೆಗೆಂದು ಕಟ್ಟಿಟ್ಟ ಶೇಂಗಾವನ್ನು ಹುರಿದು ತಿಂದ ಮನೆಯವರು ಮುಂಗಾರಿನಲ್ಲಿ ಏನು ಮಾಡುತ್ತಾರೆಂಬುದನ್ನು ಅನಂತಪುರ ಜಿಲ್ಲೆಯ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ರಸ್ತೆಯೂ ಬೇಕಲ್ಲವೇ ಎಂದು ಕೇಳುವವರಿದ್ದಾರೆ. ಬೇಕು, ಅದಕ್ಕೆ ತೆರಿಗೆಯಿದೆ. ರೋಗಿಯ ಮಂಚವನ್ನು ಮಾರಿ ಡಾಂಬರು ಹಾಕುವುದು ಆಡಳಿತವಲ್ಲ.

ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ. ಇಪ್ಪತ್ತಮೂರನೆಯದು ಆರೋಗ್ಯ, ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಔಷಧಾಲಯಗಳ ಹೆಸರು ಅಲ್ಲಿ ಸ್ಪಷ್ಟವಾಗಿದೆ. ಕಾಗದದ ಮೇಲೆ ಇಷ್ಟು. ಆಚರಣೆಯಲ್ಲಿ ಪಂಚಾಯತಿಯ ಗಂಟು ಎಷ್ಟು ಭದ್ರ? 2021ರಲ್ಲಿ ಇದೇ ರಾಜ್ಯದ ಸರಪಂಚರು ಬೀದಿಗಿಳಿದರು. ಹಣಕಾಸು ಆಯೋಗದಿಂದ ಪಂಚಾಯತಿಗಳಿಗೆ ಬಂದ ಹಣವನ್ನು ವಿದ್ಯುತ್ ಬಾಕಿಗೆಂದು ಮೇಲಿನಿಂದಲೇ ತೆಗೆದುಕೊಂಡದ್ದು ಅವರ ದೂರು. ಆಯೋಗದ ಹಣಕ್ಕೇ ಈ ಪಾಡಾದರೆ, ಆಸ್ಪತ್ರೆಯ ಹಣ ಸಾಮಾನ್ಯ ಖಾತೆಯಲ್ಲಿ ಎಷ್ಟು ದಿನ ಉಳಿದೀತು?

ದಾರಿಯಿಲ್ಲವೆನ್ನುವಂತಿಲ್ಲ. ಅಮೆರಿಕದ ಉತ್ತರ ಕೆರೊಲಿನಾ ಸಂಸ್ಥಾನದಲ್ಲಿ ನ್ಯೂ ಹ್ಯಾನೋವರ್ ಎಂಬ ಕೌಂಟಿಯಿದೆ, ನಮ್ಮಲ್ಲಿಯ ಜಿಲ್ಲೆಯಂಥದು. ಅದು ತನ್ನ ಆಸ್ಪತ್ರೆಯನ್ನು 2021ರಲ್ಲಿ ನೊವಾಂಟ್ ಹೆಲ್ತ್ ಸಂಸ್ಥೆಗೆ ಮಾರಿ, ಬಂದುದರಲ್ಲಿ ಸುಮಾರು 125 ಕೋಟಿ ಡಾಲರನ್ನು ಪ್ರತ್ಯೇಕ ದತ್ತಿನಿಧಿಯಾಗಿರಿಸಿತು. ಅದರ ಉದ್ದೇಶಗಳಲ್ಲಿ ಆರೋಗ್ಯದೊಡನೆ ಶಿಕ್ಷಣ, ಸುರಕ್ಷತೆ ಮೊದಲಾದುವೂ ಸೇರಿವೆ. ಅಷ್ಟು ಸಡಿಲು ನಮಗೆ ಬೇಡ. ಸಡಿಲು ಬಿಟ್ಟಲ್ಲಿ ನಮ್ಮವರು ಕಮಾನು ಕಟ್ಟಿಸಿ ಹೆಸರು ಕೆತ್ತಿಸುತ್ತಾರೆ.

ನಮ್ಮ ಬೇಡಿಕೆ ಇಷ್ಟು. ಮೂಲಧನವನ್ನು ಯಾರೂ ಮುಟ್ಟಕೂಡದು. ಅದರ ಬಡ್ಡಿ ಔಷಧಕ್ಕೆ, ದಾದಿಯರ ಸಂಬಳಕ್ಕೆ, ಹೆರಿಗೆಯ ನೋವಿನಲ್ಲಿ ಕಣೇಕಲ್ಲಿನಿಂದ ಬಳ್ಳಾರಿಗೋ ಅನಂತಪುರಕ್ಕೋ ಹೊರಡಬೇಕಾದ ಹೆಣ್ಣುಮಗಳ ವಾಹನಕ್ಕೆ ಮಾತ್ರ ವೆಚ್ಚವಾಗಬೇಕು. ವರ್ಷಕ್ಕೊಮ್ಮೆ ಜಮಾಖರ್ಚನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ತೆಲುಗಿನಲ್ಲಿ ಓದಿದ ಮೇಲೆ ಕನ್ನಡದಲ್ಲಿಯೂ ಓದಬೇಕು. ಅಧ್ಯಾಪಕ ಮಿತ್ರರು ಅಂದು ತಮ್ಮ ವಿದ್ಯಾರ್ಥಿಗಳನ್ನು ಜತೆಗೆ ಕರೆತರಲಿ. ಬಡ್ಡಿಯ ಲೆಕ್ಕವನ್ನು ಅವರು ಆಗಲೇ ಕಲಿತಿದ್ದಾರೆ.