ಫಲ ನೋಡಿ ಬುದ್ಧಿ ಅಳೆಯಬಹುದೇ?

ಹರಪನಹಳ್ಳಿಯ ಮಾತು ಬಂದಾಗಲೆಲ್ಲ ನಮ್ಮ ಕಡೆ ಒಂದು ತೀರ್ಪು ಸಿದ್ಧವಾಗಿರುತ್ತದೆ. 1997ರಲ್ಲಿ ಆ ತಾಲೂಕನ್ನು ಬಳ್ಳಾರಿಯಿಂದ ಕಿತ್ತು ದಾವಣಗೆರೆಗೆ ಸೇರಿಸಿದ್ದು ದಡ್ಡತನ, 2018ರಲ್ಲಿ ಮರಳಿ ತಂದದ್ದು ಜಾಣತನ. ಅರಳಿಕಟ್ಟೆಯ ಮೇಲೂ ಇದೇ ಮಾತು, ಸಭೆಯ ವೇದಿಕೆಯ ಮೇಲೂ ಇದೇ ಮಾತು. ಈ ತೀರ್ಪನ್ನು ನಾವು ಒಪ್ಪುವುದಿಲ್ಲ. ನಷ್ಟ ತಂದ ನಿರ್ಧಾರವೆಲ್ಲ ಅವಿವೇಕವಲ್ಲ, ಲಾಭ ತಂದದ್ದೆಲ್ಲ ವಿವೇಕವೂ ಅಲ್ಲ.

1997ರಲ್ಲಿ ಜೆ.ಎಚ್. ಪಟೇಲರ ಸರಕಾರ ಹೊಸ ಜಿಲ್ಲೆಗಳನ್ನು ರಚಿಸಿದಾಗ ಎದುರಿಗಿದ್ದ ಸಂಗತಿ ಏನು? ಹರಪನಹಳ್ಳಿಯಿಂದ ಬಳ್ಳಾರಿ 100 ಕಿ.ಮೀ.ಗೂ ಹೆಚ್ಚು ದೂರ; ದಾವಣಗೆರೆ ಅದರ ಅರ್ಧದಷ್ಟೂ ಇಲ್ಲ. ಒಂದು ಕಾಗದಕ್ಕೆ ಜಿಲ್ಲಾಧಿಕಾರಿ ಕಚೇರಿಯ ರುಜು ಬೇಕಾದ ರೈತನಿಗೆ ಅದು ಒಂದು ದಿನದ ಕೂಲಿಯ ಪ್ರಶ್ನೆ. 2012ರಲ್ಲಿ ಸಂಸತ್ತು ಸಂವಿಧಾನಕ್ಕೆ 98ನೇ ತಿದ್ದುಪಡಿ ತರುತ್ತದೆ, 371(ಜೆ) ವಿಧಿಯ ಮೂಲಕ ಬಳ್ಳಾರಿಯೂ ಸೇರಿ ಆರು ಜಿಲ್ಲೆಗಳ ಸ್ಥಳೀಯರಿಗೆ ಶಿಕ್ಷಣದಲ್ಲೂ ಸರಕಾರಿ ನೌಕರಿಯಲ್ಲೂ ಮೀಸಲಾತಿ ಸಿಗುತ್ತದೆ ಎಂದು ಅಂದು ಯಾರು ಕಂಡಿದ್ದರು? ಹದಿನೈದು ವರ್ಷ ಮುಂದಿನದನ್ನು ಕಾಣಲಿಲ್ಲವೆಂದು ಯಾರನ್ನೂ ದಡ್ಡರೆನ್ನಲಾಗದು. ಮನುಷ್ಯ ಅರೆಬರೆ ಮಾಹಿತಿಯಲ್ಲೇ ನಿರ್ಧರಿಸಬೇಕಾಗುತ್ತದೆ ಎಂಬುದನ್ನು ವಿವರಿಸಿದ ಹರ್ಬರ್ಟ್ ಸೈಮನ್‌ರಿಗೆ 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಸಿಕ್ಕಿತು. ನಮ್ಮ ಹಿರಿಯರಿಗೆ ಇದು ನೊಬೆಲ್ ಇಲ್ಲದೆಯೇ ಗೊತ್ತಿತ್ತು. ಮೋಡ ನೋಡಿ ಬಿತ್ತಿದವನನ್ನು ಮಳೆ ಕೈಕೊಟ್ಟಿತೆಂದು ಅವರು ಹಳಿಯುತ್ತಿರಲಿಲ್ಲ.

ಹಾಗಾದರೆ ತಪ್ಪು ಎಲ್ಲಿ? ಸಂಗತಿ ಬದಲಾದ ಮೇಲೂ ಹಳೆಯ ನಿರ್ಧಾರವನ್ನು ಮತ್ತೆ ಬಿಚ್ಚಿ ನೋಡಲು ತಡಮಾಡಿದ್ದರಲ್ಲಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಈ ಸೀಮೆಯನ್ನು ಶಾಸನಗಳು ಕೋಗಳಿ ನಾಡು ಎಂದು ಕರೆದವು. ಇಲ್ಲಿ ಬರ ಜಿಲ್ಲೆಯ ಗಡಿ ಕೇಳಿ ಬರುವುದಿಲ್ಲ. ಆದರೆ 371(ಜೆ) ಸೌಲಭ್ಯ ಗಡಿ ಕೇಳಿತು. ಕೂಡ್ಲಿಗಿಯ ಹುಡುಗನಿಗೆ ಮೀಸಲಾತಿ, ಪಕ್ಕದ ಹರಪನಹಳ್ಳಿಯವನಿಗೆ ಇಲ್ಲ. 2013ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ವಿದ್ಯಾರ್ಥಿ ಪಿಯುಸಿ ದಾಟಿ ಪದವಿ ಪಡೆಯುವುದು 2018ರಲ್ಲಿ. ತಾಲೂಕು ಬಳ್ಳಾರಿಗೆ ಮರಳಿದ್ದೂ ಅದೇ ವರ್ಷ. ಅವನ ಇಡೀ ಕಾಲೇಜು ಓದು ಆ ತಡದಲ್ಲೇ ಕಳೆದುಹೋಯಿತು. ಇದಕ್ಕೆ 1997 ಹೊಣೆಯಲ್ಲ. ಆ ಐದು ವರ್ಷಗಳು ಹೊಣೆ.

ಉರ್ದುವಿನಲ್ಲಿ ಒಪ್ಪತಕ್ಕ ಮಾತಿಗೆ 'ಮಾಕೂಲ್' ಎನ್ನುತ್ತಾರೆ. 'ಅಕಲ್' ಎಂಬುದೂ ಅದೇ ಬೇರಿನ ಶಬ್ದ. ಆದರೆ ಬರೀ ಅಕಲಿನಿಂದ ನಿರ್ಧಾರ ಮಾಕೂಲ್ ಆಗುವುದಿಲ್ಲ. ಲೆಕ್ಕ ಸರಿಯಿದ್ದರೆ ಅದು ತಾರ್ಕಿಕವಾಯಿತು, ಅಷ್ಟೇ. ಅದರ ಹೊರೆ ಹೊರುವವರ ಎದುರು ಕುಳಿತು ಕಾರಣ ಹೇಳಲು ಸಾಧ್ಯವಾಗಬೇಕು, ಅವರು ಮರುಪ್ರಶ್ನೆ ಹಾಕಲು ಬಾಗಿಲು ತೆರೆದಿರಬೇಕು. ಆಗ ಮಾತ್ರ ಅದು ಸಮಂಜಸ.

2021ರಲ್ಲಿ ವಿಜಯನಗರ ಜಿಲ್ಲೆಯಾದಾಗಲೂ ಈ ಪ್ರಶ್ನೆ ಎದ್ದಿತು. ಜಿಲ್ಲಾ ಕೇಂದ್ರ ಹೊಸಪೇಟೆ ಈಶಾನ್ಯದ ಅಂಚಿನಲ್ಲಿದೆ, ಹರಪನಹಳ್ಳಿ ನೈರುತ್ಯದ ತುದಿಯಲ್ಲಿ. 1997ರಲ್ಲಿ ಮುಖ್ಯವಾಗಿದ್ದ ದೂರ 2021ರಲ್ಲಿ ಮುಖ್ಯವಲ್ಲವೇ? ಹೊಸಪೇಟೆಯ ಪರವಾಗಿ ರೈಲು, ವ್ಯಾಪಾರ, ಕಚೇರಿಗಳೆಂಬ ಕಾರಣಗಳು ಇರಬಹುದು. ಇದ್ದರೆ ಅವನ್ನು ಹರಪನಹಳ್ಳಿಯ ಸಂತೆಯಲ್ಲಿ ನಿಂತು ಹೇಳಲಿ. 'ಸರಕಾರ ತೀರ್ಮಾನಿಸಿದೆ' ಎಂಬುದು ಕಾರಣವಲ್ಲ. 'ನಮ್ಮೂರೇ ಆಗಬೇಕು' ಎಂಬ ಹಟವೂ ಕಾರಣವಲ್ಲ.

ಸರಕಾರಕ್ಕೆ ಬುದ್ಧಿ ಹೇಳುವ ನಾವು ನಮ್ಮ ಮನೆಗಳನ್ನೂ ನೋಡಿಕೊಳ್ಳಬೇಕು. ನಮ್ಮ ಮೊಹಲ್ಲಾಗಳಲ್ಲಿ ಇಂದಿಗೂ ಎಷ್ಟೋ ಹೆಣ್ಣುಮಕ್ಕಳ ಓದು ಎಸ್ಸೆಸ್ಸೆಲ್ಸಿಗೆ ನಿಲ್ಲುತ್ತದೆ. ಕಾರಣ ಕೇಳಿದರೆ ಅದೇ ದೂರ: ಕಾಲೇಜು ದೂರ, ಬಸ್ಸು ಹೊತ್ತಿಗೆ ಬರುವುದಿಲ್ಲ. ಒಂದು ಕಾಲಕ್ಕೆ ಈ ಮಾತಿನಲ್ಲಿ ಹುರುಳಿತ್ತು. ಈಗ ಹಾಸ್ಟೆಲುಗಳಿವೆ, 2023ರ ಜೂನ್‌ನಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ, 371(ಜೆ) ಸೀಟುಗಳೂ ಇವೆ. ಸಂಗತಿ ಬದಲಾಗಿದೆ, ನಿರ್ಧಾರ ಬದಲಾಗಿಲ್ಲ. ಹೊರೆ ಹೊರುವ ಹುಡುಗಿಯನ್ನು ಅಂದೂ ಕೇಳಲಿಲ್ಲ, ಇಂದೂ ಕೇಳುವುದಿಲ್ಲ. ಮಶ್ವರಾದ ಹಿರಿಮೆಯನ್ನು ಜಲ್ಸಾಗಳಲ್ಲಿ ಕೊಂಡಾಡುವ ಅಪ್ಪ-ಅಣ್ಣಂದಿರು ಆ ಮಶ್ವರಾದಲ್ಲಿ ಅವಳಿಗೊಂದು ಜಾಗ ಕೊಟ್ಟಿದ್ದಾರೆಯೇ?

ಸಂವಿಧಾನ ತಿದ್ದುವುದಕ್ಕೆ ದಿಲ್ಲಿ ಬೇಕಾಯಿತು, ಜಿಲ್ಲೆ ಬದಲಿಸಲು ಬೆಂಗಳೂರು ಬೇಕಾಯಿತು. ಮಗಳನ್ನು ಕರೆದು 'ನಿನ್ನ ಮಾತೇನಮ್ಮ?' ಎಂದು ಕೇಳಲು ಯಾವ ಆದೇಶಕ್ಕಾಗಿ ಕಾಯುತ್ತಿದ್ದೇವೆ?